ದಡದಲ್ಲಿ ಬಿಟ್ಟುಹೋದ ಡಬ್ಬಗಳು

ಮೇ ತಿಂಗಳು ಮುಗಿಯುತ್ತ ಬಂತೆಂದರೆ ನಮ್ಮ ಚಾಳುಗಳ ಸಾಲುಖೋಲಿಗಳಲ್ಲಿರುವ ಗಂಡಸರ ಬಾಯಲ್ಲಿ ಒಂದೇ ಮಾತು. ಪವಾಯಿ ಕೆರೆಯ ನೀರು ಇಳಿದಿದೆ, ಮೀನೆಲ್ಲ ಆಳಕ್ಕೆ ಬಂದು ಕೂಡಿವೆ, ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಹೋಗಿಬರಬೇಕು. ಮಳೆ ಶುರುವಾದರೆ ದೋಣಿ ದಡಕ್ಕೆ ಬೀಳುತ್ತದೆ. ಮತ್ತೆ ನಾಲ್ಕು ತಿಂಗಳು ಗಾಳ ಮೂಲೆಯಲ್ಲೇ.

ಸಾವಿರದ ಒಂಬೈನೂರ ಐವತ್ತಾರರ ಬೇಸಿಗೆಯಲ್ಲಿ ಸಯನ್‌ನ ಒಂದು ಚಾಳಿನಿಂದ ಹಾಗೆ ಮೂವರು ಹೊರಟರು. ಹಿರಿಯವನು ಕೊರಗಪ್ಪ. ಉಡುಪಿ ಕಡೆಯವನು, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುವವನು. ಎರಡನೆಯವನು ಅವನ ಹೆಂಡತಿ ಸೇವಂತಿಯ ತಮ್ಮ ಚೆನ್ನಯ. ಅದೇ ಹೋಟೆಲಿನಲ್ಲಿ ಕೆಲಸ, ಅದೇ ಚಾಳಿನಲ್ಲಿ ಮನೆ. ಮದುವೆಯಾಗಿ ಮೂರು ವರ್ಷ, ಹೆಂಡತಿ ವಾರಿಜಾ, ಒಂದು ಹೆಣ್ಣು ಕೂಸು. ಮೂರನೆಯವನು ಪಕ್ಕದ ಖೋಲಿಯ ಮುರಿಗೆಪ್ಪ. ವಿಜಾಪುರದ ಕಡೆಯವನು, ಬಟ್ಟೆ ಅಂಗಡಿಯಲ್ಲಿ ಗುಮಾಸ್ತ, ಈಜು ಬಾರದವನು. ಮೀನು ತಿನ್ನುವವನೂ ಅಲ್ಲ. ಹಸಿರು ನೋಡಬಹುದು, ಒಂದು ದಿನ ಗಾಳಿಯಲ್ಲಿ ಕೂತು ಬರಬಹುದು ಎಂದು ಹೊರಟಿದ್ದ.

ಹೊರಡುವ ಹಿಂದಿನ ಸಂಜೆ ಮುರಿಗೆಪ್ಪನ ಹೆಂಡತಿ ಬಸಲಿಂಗವ್ವ ಆರು ಡಬ್ಬ ತಂದು ಕೊರಗಪ್ಪನ ಬಾಗಿಲ ಮುಂದೆ ಇಟ್ಟಳು. ಐದು ಸೇರು ವನಸ್ಪತಿ ತುಪ್ಪ ಹಿಡಿಯುವ ಖಾಲಿ ಡಬ್ಬಗಳು. ಮುಚ್ಚಳಕ್ಕೆ ಬೆಸುಗೆ ಹಾಕಿಸಿ, ಚಾಳಿನ ಟಾಂಕಿಯಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಏಳುವುದಿಲ್ಲ ಎಂದು ನೋಡಿದ್ದಳು. ಎರಡೆರಡಕ್ಕೆ ಒಂದೊಂದು ಹುರಿ ಹಗ್ಗ.

"ಇದೆಂತದು ಅಕ್ಕ?" ಎಂದ ಕೊರಗಪ್ಪ.

"ಕಂಕುಳ ಕೆಳಗ ಒಂದೊಂದು ಬರೂಹಂಗ ಎದಿಗೆ ಕಟ್ಕೋಬೇಕ್ರಿ ಅಣ್ಣಾರ. ದೋಣಿ ಹತ್ತೂಕ ಮೊದಲ ಕಟ್ಟಬೇಕು, ಇಳಿದ ಮ್ಯಾಲ ಬಿಚ್ಚಬೇಕು. ನಮ್ಮ ಕೃಷ್ಣಾ ಹೊಳಿ ದಂಡಿ ಮ್ಯಾಲ ಸೋರಿಬುರುಡಿ ಕಟ್ಕೊಂಡ ನೀರಿಗೆ ಇಳೀತಾರ. ಇಲ್ಲಿ ಬುರುಡಿ ಸಿಗಲಿಲ್ಲ, ಡಬ್ಬಿ ಮಾಡೀನಿ."

ಕೊರಗಪ್ಪನಿಗೆ ನಗು ಬಂತು. "ನಾವು ಸಮುದ್ರದ ಬದಿಯಲ್ಲಿ ಹುಟ್ಟಿದವರು ಅಕ್ಕ. ಕೆರೆ ಎಂದರೆ ನಮಗೆ ಬಚ್ಚಲು ಇದ್ದ ಹಾಗೆ. ಇದನ್ನು ಕಟ್ಟಿಕೊಂಡು ಕೂತರೆ ಮೀನುಗಳೂ ನಗಾಡ್ಯಾವು."

"ಈಜು ಬರತೈತಿ ಅಂತ ನೀರಿಗೇನು ಗೊತ್ತಿರ್ತದ್ರಿ?" ಎಂದಳು ಬಸಲಿಂಗವ್ವ. ಅವಳು ನಗಲಿಲ್ಲ. "ಇನ್ನೊಂದು ಮಾತು. ದೋಣಿಯೊಳಗ ಯಾರೂ ಎದ್ದು ನಿಂದರಬ್ಯಾಡ್ರಿ. ಗಾಳಿ ತಿರುಗಿತು ಅಂದ್ರ ಮೀನಿನ ಆಶಾ ಬಿಟ್ಟು ದಂಡಿಗೆ ಬರ್ರಿ."

ಚೆನ್ನಯ ಡಬ್ಬಗಳನ್ನು ಎತ್ತಿ ಒಳಗಿಟ್ಟ. "ತಗೊಂಡು ಹೋಗುವ ಭಾವ. ಭಾರ ಏನಿಲ್ಲ," ಎಂದ.

ಮರುದಿನ ಬೆಳಕು ಹರಿಯುವಾಗಲೇ ಲೋಕಲ್ ರೈಲು ಹತ್ತಿ ಘಾಟ್‌ಕೋಪರಿಗೆ, ಅಲ್ಲಿಂದ ಕಲ್ಲಿನ ಲಾರಿಯೊಂದರಲ್ಲಿ ಕೆರೆಗೆ ಹೋದರು. ಪರಿಚಯದವನ ದೋಣಿ ಸಣ್ಣದು. ಮೂವರು, ಗಾಳ, ಬುಟ್ಟಿ, ಬುತ್ತಿ ಎಂದಾಗ ಕಾಲು ಚಾಚಲೂ ಜಾಗವಿರಲಿಲ್ಲ. ಕೊರಗಪ್ಪ ಡಬ್ಬಗಳನ್ನು ನೋಡಿ ಹೇಳಿದ: "ಇವು ದಡದಲ್ಲಿರಲಿ ಚೆನ್ನಯ. ಯಾರು ಕದ್ದುಕೊಂಡು ಹೋಗ್ತಾರೆ?"

ಚೆನ್ನಯ ಅರೆಕ್ಷಣ ನಿಂತ. ಹಗ್ಗ ಅವನ ಹೆಗಲಿಗೆ ಆಗಲೇ ಏರಿತ್ತು. ಭಾವನ ಮಾತಿಗೆ ಎದುರಾಡಿ ಅಭ್ಯಾಸವಿಲ್ಲ. ಬಿಚ್ಚಿ, ಕೊರಗಪ್ಪನ ಪಾಲಿನ ಡಬ್ಬಗಳ ಜೊತೆಗೆ ಒಂದು ಕಲ್ಲಿನ ಬುಡದಲ್ಲಿಟ್ಟ. ಮುರಿಗೆಪ್ಪ ಮಾತ್ರ, "ನಾ ಬಿಚ್ಚೂದಿಲ್ಲಪಾ. ಆಕಿಗೆ ಮಾತು ಕೊಟ್ಟೀನಿ," ಎಂದು ಎರಡು ಡಬ್ಬ ಕಟ್ಟಿಕೊಂಡೇ ದೋಣಿ ಹತ್ತಿದ. ಕೊರಗಪ್ಪ ಮಧ್ಯಾಹ್ನದವರೆಗೂ ಅವನನ್ನು ಗೇಲಿ ಮಾಡಿದ.

ಮೀನು ಚೆನ್ನಾಗಿ ಕಚ್ಚಿದವು. ಕೆರೆಯ ನಡುವೆ, ಆಳದಲ್ಲಿ, ಹಿಟ್ಟಿನುಂಡೆ ಇಳಿಸಿದರೆ ಸಾಕು, ಅಂಗೈ ಅಗಲದ ಗೆಂಡೆ ಮೀನು ಒಂದರ ಹಿಂದೆ ಒಂದು. ಮೂರು ಗಂಟೆಯ ಹೊತ್ತಿಗೆ ಬುಟ್ಟಿ ಮುಕ್ಕಾಲು ತುಂಬಿತ್ತು. ಆಗಲೇ ಪಡುವಣ ಗುಡ್ಡದ ಮೇಲೆ ಆಕಾಶ ಕಪ್ಪಾಯಿತು. ತಣ್ಣಗೆ ಒಂದು ಗಾಳಿ ಬಂತು.

"ಹೋಗೂಣ್ರಿ," ಎಂದ ಮುರಿಗೆಪ್ಪ.

"ಬುಟ್ಟಿ ತುಂಬಲಿ. ಮಳೆಗೆ ಮುಂಚೆ ಇದೇ ಕೊನೆ ಅಲ್ವಾ?" ಎಂದ ಕೊರಗಪ್ಪ.

ಐದು ನಿಮಿಷವೂ ಆಗಿರಲಿಲ್ಲ. ಚೆನ್ನಯನ ಗಾಳಕ್ಕೆ ಏನೋ ದೊಡ್ಡದು ಸಿಕ್ಕಿತು. ಅವನು ಎದ್ದು ನಿಂತ. ಅವನಿಗೆ ನೆರವಾಗಲು ಕೊರಗಪ್ಪ ಬುಟ್ಟಿ ಹಿಡಿದು ಅದೇ ಬದಿಗೆ ಬಾಗಿದ. ಅದೇ ಹೊತ್ತಿಗೆ ಗಾಳಿ ಇನ್ನೊಂದು ಬದಿಯಿಂದ ಹೊಡೆಯಿತು. ದೋಣಿ ಮಗುಚಿತು.

ಮೂವರೂ ಮೇಲೆ ಬಂದರು. ಮುರಿಗೆಪ್ಪನನ್ನು ಡಬ್ಬಗಳೇ ಎತ್ತಿ ಹಿಡಿದಿದ್ದವು. ಅವನು ಕಣ್ಣು ಮುಚ್ಚಿ ಶಿವನಾಮ ಹೇಳುತ್ತ ತೇಲುತ್ತಿದ್ದ. ಕೊರಗಪ್ಪ ಮಗುಚಿದ ದೋಣಿಯ ಅಂಚು ಹಿಡಿದ. ಚೆನ್ನಯನೂ ಹಿಡಿದ. ಆದರೆ ದಡ ಹತ್ತಿರವೇ ಕಾಣುತ್ತಿತ್ತು. ಸ್ಟೇಷನ್ನಿನ ಈ ತುದಿಯಿಂದ ಆ ತುದಿಯಷ್ಟು ದೂರ.

"ಭಾವ, ನೀವು ಇಲ್ಲೇ ಹಿಡ್ಕೊಂಡಿರಿ. ನಾನು ಈಜಿ ಹೋಗಿ ಇನ್ನೊಂದು ದೋಣಿ ತರ್ತೇನೆ," ಎಂದ.

ಕೊರಗಪ್ಪ ಬೇಡ ಎನ್ನಲಿಲ್ಲ. ಚೆನ್ನಯನ ಈಜು ಅವನಿಗೆ ಗೊತ್ತಿತ್ತು. ಮುಕ್ಕಾಲು ದೂರ ಅವನು ಸಲೀಸಾಗಿ ಹೋದ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಕೆರೆಯ ಅಂಚಿನುದ್ದಕ್ಕೂ ಕಳೆ ಬೆಳೆದು ಬಲೆಯ ಹಾಗೆ ಹೆಣೆದುಕೊಂಡಿರುತ್ತದೆ. ಅದರೊಳಗೆ ಅವನ ಕಾಲು ಸಿಕ್ಕಿತು. ಒಮ್ಮೆ ಕೈ ಎತ್ತಿದ. ದಡದವರನ್ನು ಕರೆಯುತ್ತಿದ್ದಾನೆ ಎಂದುಕೊಂಡ ಕೊರಗಪ್ಪ. ಕೈ ಮತ್ತೆ ಮೇಲೆ ಬರಲಿಲ್ಲ.

ದಡದಲ್ಲಿದ್ದವರು ದೋಣಿ ತಂದು ಇಬ್ಬರನ್ನು ಉಳಿಸಿದರು. ಚೆನ್ನಯ ಸಿಕ್ಕಿದ್ದು ಮರುದಿನ.

ಚಾಳಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಆಯಸ್ಸು ಅಷ್ಟೇ ಇತ್ತು." "ಆ ಕೆರೆ ವರ್ಷಕ್ಕೊಂದು ಬಲಿ ಕೇಳ್ತದೆ." ಕೊರಗಪ್ಪನೂ ತಲೆ ತಗ್ಗಿಸಿ ಅದನ್ನೇ ಹೇಳಿದ. "ವಿಧಿ. ನಮ್ಮ ಕೈಯಲ್ಲಿ ಎಂತ ಉಂಟು?" ಹೇಳುತ್ತ ಹೇಳುತ್ತ ಅದು ಅವನಿಗೇ ನಿಜ ಎನಿಸತೊಡಗಿತ್ತು.

ಹದಿಮೂರನೆಯ ದಿನದ ಕಾರ್ಯ ಮುಗಿದ ಸಂಜೆ, ಬಸಲಿಂಗವ್ವ ಅವನನ್ನು ನಲ್ಲಿಯ ಹತ್ತಿರ ನಿಲ್ಲಿಸಿದಳು.

"ನಮ್ಮವರು ನನಗ ಎಲ್ಲಾ ಹೇಳ್ಯಾರ್ರಿ ಅಣ್ಣಾರ. ಡಬ್ಬಿ ದಂಡಿ ಮ್ಯಾಲ ಯಾಕ ಉಳದ್ವು ಅಂತ."

ಕೊರಗಪ್ಪ ಕೊಡವನ್ನು ಕೆಳಗಿಟ್ಟ. "ಅವನ ಆಯಸ್ಸು ತೀರಿತ್ತು ಅಕ್ಕ."

"ಈಜು ಬರಲಾರದ ನನ್ನ ಗಂಡ ಉಳದ. ಈಜು ಬರೂ ಹುಡುಗ ಹೋದ. ಇದರಾಗ ಆಯುಷ್ಯದ ಮಾತೆಲ್ಲಿ ಬಂತ್ರಿ? ಎಲ್ಲಾರೂ ಹಣೇಬರ ಅಂತ ಸುಮ್ಮನಾದ್ರ, ಮುಂದಿನ ವರ್ಷ ಇನ್ನೊಬ್ಬ ಹಂಗ ಹೋಗ್ತಾನ. ವಾರಿಜಾಗ ನಾ ಹೇಳೂದಿಲ್ಲ. ನೀವ ಹೇಳಬೇಕು."

ಅವನು ಆ ರಾತ್ರಿಯೇನೂ ಹೇಳಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ, ವಾರಿಜಾ ಕೂಸಿಗೆ ಗಂಜಿ ತಿನ್ನಿಸುತ್ತಿದ್ದಾಗ, ಸೇವಂತಿಯೂ ಅಲ್ಲೇ ಇದ್ದಾಗ, ಕೊರಗಪ್ಪ ಹೊಸಿಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಡಬ್ಬ ಬಿಚ್ಚಿಸಿದ್ದು, ಗಾಳಿ ಬಂದರೂ ತಿರುಗದೇ ಇದ್ದದ್ದು, ಈಜಿ ಹೋಗಬೇಡ ಎಂದು ತಡೆಯದೇ ಇದ್ದದ್ದು.

ಸೇವಂತಿ ಗೋಡೆಗೆ ಮುಖ ತಿರುಗಿಸಿದಳು. ವಾರಿಜಾ ಕೂಸಿನ ಬಾಯಿ ಒರೆಸಿದಳು.

"ನೀವು ಬೇಡ ಅಂದ್ರಿ, ಅವರು ಬಿಟ್ರು," ಎಂದಳು. "ನಿಮ್ಮ ಮಾತನ್ನು ಅವರು ಒಂದು ದಿನವೂ ಮೀರಿದವರಲ್ಲ ಅಣ್ಣ."

"ತಪ್ಪಾಯ್ತಮ್ಮ."

"ನನ್ನ ಹತ್ತಿರ ಅದನ್ನು ಹೇಳ್ಬೇಡಿ. ನಾನು ಎಂತ ಕೊಡ್ಲಿ ನಿಮಗೆ? ಮಳೆ ಕಳೆದ ಮೇಲೆ ಪುನಃ ಕೆರೆಗೆ ಹೋಗುವವರು ಇರ್ತಾರೆ. ಅವರಿಗೆ ಹೇಳಿ. ವಿಧಿ ಅಂತ ಹೇಳ್ಬೇಡಿ. ನಡೆದದ್ದನ್ನು ನಡೆದ ಹಾಗೆ ಹೇಳಿ."

ಆ ಮಳೆಗಾಲವಿಡೀ ಸೇವಂತಿ ಗಂಡನೊಂದಿಗೆ ಅಗತ್ಯವಿದ್ದಷ್ಟೇ ಮಾತಾಡಿದಳು. ಕೊರಗಪ್ಪ ಅದನ್ನು ಸಹಿಸಿಕೊಂಡ.

ದಸರಾ ಕಳೆದು ಬಿಸಿಲು ಬಿದ್ದಾಗ ಹೋಟೆಲಿನ ನಾಲ್ವರು ಮರುದಿನ ಪವಾಯಿಗೆ ಹೋಗುವುದೆಂದು ಮಾತಾಡಿಕೊಂಡರು. ಅವರ ಮುಂದಾಳು ಕಾಫಿ ಮಾಡುವ ಸದಾನಂದ. ಕೊರಗಪ್ಪ ಬಿಸಿ ದೋಸೆಕಲ್ಲಿನ ಮುಂದಿನಿಂದ ಬಂದು ಅವರಿಗೆ ಎದುರು ನಿಂತ.

"ಮೂವರ ದೋಣಿಗೆ ನಾಲ್ವರು ಹತ್ತಬೇಡಿ. ಎರಡು ಸಲ ಹೋಗಿ. ಎದೆಗೆ ಡಬ್ಬ ಕಟ್ಟಿಕೊಳ್ಳಿ, ನಾನು ಕೊಡ್ತೇನೆ."

ಸದಾನಂದ ನಕ್ಕ. "ನನಗೆ ಈಜು ಬರ್ತದೆ ಮಾರಾಯ್ರೆ."

"ಚೆನ್ನಯನಿಗೂ ಬರ್ತಿತ್ತು," ಎಂದ ಕೊರಗಪ್ಪ.

ಆಮೇಲೆ ಅಡುಗೆಮನೆಯ ಎಲ್ಲರ ಮುಂದೆ, ತಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದ. ಸದಾನಂದ ನಗುವುದನ್ನು ಬಿಟ್ಟು ಕೇಳಿದ. ಕೊನೆಗೆ, "ಹಗ್ಗ ಎಲ್ಲಿಗೆ ಬಿಗಿಯಬೇಕು, ತೋರಿಸಿ," ಎಂದ.

ಆ ಸಂಜೆ ಕೊರಗಪ್ಪ ಮನೆಯಲ್ಲಿ ಇನ್ನಷ್ಟು ಡಬ್ಬಗಳಿಗೆ ಹಗ್ಗ ಹಾಕುತ್ತ ಕೂತಿದ್ದ. ಸೇವಂತಿ ಬಂದು ಎದುರು ಕೂತಳು. ಹಗ್ಗದ ಇನ್ನೊಂದು ತುದಿ ಹಿಡಿದಳು. ಸ್ವಲ್ಪ ಹೊತ್ತಿಗೆ ವಾರಿಜಾಳೂ ಬಂದಳು. "ಗಂಟು ಸಡಿಲ ಉಂಟು. ಬಿಗಿ ಮಾಡಿ," ಎಂದಳು.

ಓದುತ್ತಿರುವ ಅಣ್ಣಂದಿರೇ, ಕೇಳುತ್ತಿರುವ ಅಕ್ಕಂದಿರೇ, ಈ ಮಳೆಗಾಲದ ಮುಂಚೆ ನಿಮ್ಮ ಮನೆಯಿಂದಲೂ ಯಾರಾದರೂ ಗಾಳ ಹಿಡಿದು ಹೊರಟಾರು. ಹೋಗಲಿ, ಸಂತೋಷದಿಂದ ಹೋಗಲಿ. ಆದರೆ ಬೆಸುಗೆ ಹಾಕಿದ ಎರಡು ಖಾಲಿ ಡಬ್ಬ ಎದೆಗೆ ಕಟ್ಟದೆ ಅವರನ್ನು ದೋಣಿ ಹತ್ತಲು ಬಿಡಬೇಡಿ. ದೋಣಿ ತಡೆಯುವಷ್ಟೇ ಜನ ಕೂರಲಿ, ಕೂತವರು ಏಳದಿರಲಿ. ಮೊದಲ ಗಾಳಿಗೇ ತಿರುಗಿ ಬರಲಿ. ಒಂದು ವೇಳೆ ಮಗುಚಿದರೆ, ದಡ ಎಷ್ಟೇ ಹತ್ತಿರ ಕಂಡರೂ ದೋಣಿಯನ್ನು ಬಿಡದೆ ಹಿಡಿದು ಕೂಗಲಿ. ಯಾವ ಕಡೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೋಗಲಿ. ಮನೆಯ ಹಿರಿಯರು ನೀವಾಗಿದ್ದರೆ ಮೊದಲ ಡಬ್ಬ ನೀವೇ ಕಟ್ಟಿಕೊಳ್ಳಿ. ಕಿರಿಯರು ನಿಮ್ಮನ್ನು ನೋಡಿಯೇ ಕಟ್ಟುತ್ತಾರೆ, ನಿಮ್ಮನ್ನು ನೋಡಿಯೇ ಬಿಚ್ಚುತ್ತಾರೆ.