ಹುಳುಮನೆಯ ಪೊಟ್ಟಣ

ಹುಳುಮನೆಯ ತೊಲೆಗೆ ಕಟ್ಟಿದ್ದ ಪೊಟ್ಟಣ ನನ್ನ ಕಣ್ಣಿಗೆ ಬಿದ್ದದ್ದು ರೇಷ್ಮೆಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರ ಮುಗಿಸಿ ಎದ್ದ ಮಾರನೇ ದಿನ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದಾರದಿಂದ ಬಿಗಿದಿತ್ತು. ಕಟ್ಟಿದವನು ಇಸ್ರಾರ್ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಾನು, ನನ್ನ ಹೆಂಡತಿ ದಾಸಮ್ಮ, ಅವನು, ಈ ಮೂವರನ್ನು ಬಿಟ್ಟರೆ ಅಲ್ಲಿಗೆ ಇನ್ನೊಬ್ಬರು ಕಾಲಿಡುವಂತಿಲ್ಲ.

ಹುಳು ಸಾಕುವವರಲ್ಲಿ ಅದು ಹಳೆಯ ಕಟ್ಟಳೆ. ಹೊರಗಿನವರ ಕಾಲಲ್ಲಿ ರೋಗ ಬರುತ್ತದೆ. ಬೀಗರು ಬಂದರೂ ಜಗಲಿಯಲ್ಲೇ ಕೂರಬೇಕು. ನಾವಾದರೂ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಯೇ ಒಳಗೆ ಹೋಗುವುದು.

ಇಸ್ರಾರ್ ಬರ್ಮಾ ದೇಶದವನು. ಅಲ್ಲಿ ಅವನ ಊರು ಸುಟ್ಟು ಓಡಿಸಿದರಂತೆ. ಒಂಬತ್ತು ತಿಂಗಳ ಹಿಂದೆ ರಾಮನಗರದಲ್ಲಿ ನೂಲು ತೆಗೆಸುವ ಹುಸೇನ್ ಸಾಬರು ಅವನನ್ನು ಕೈಲಾಂಚದ ನಮ್ಮ ಮನೆಗೆ ಕರೆತಂದು, "ನರಸಯ್ಯ, ಇವ್ನತ್ರ ದಿಲ್ಲಿ ಆಫೀಸ್ನೋರು ಕೊಟ್ಟಿರೋ ನಿರಾಶ್ರಿತರ ಕಾರ್ಡ್ ಐತೆ. ಒಸಿ ಜಾಗ ಕೊಡಿ" ಎಂದಿದ್ದರು. ಕೊಟ್ಟೆ. ಕೊಟ್ಟ ದಿನದಿಂದಲೇ ಕಣ್ಣಿಟ್ಟೆ. ನನ್ನ ಮದುವೆಯಾದ ವರ್ಷ ಮಳೆಯಲ್ಲಿ ನೆನೆದು ಬಂದವನೊಬ್ಬನಿಗೆ ಹಟ್ಟಿಯಲ್ಲಿ ಮಲಗಲು ಬಿಟ್ಟಿದ್ದೆ. ಬೆಳಗ್ಗೆ ಅವನೂ ಇಲ್ಲ, ಎರಡು ಕುರಿಯೂ ಇಲ್ಲ. ಐವತ್ತೆರಡು ವರ್ಷವಾದರೂ ಆ ಕುರಿಗಳ ಬಣ್ಣ ಮರೆತಿಲ್ಲ.

ಕೆಲಸದಲ್ಲಿ ಇಸ್ರಾರ್ ತಪ್ಪಿದವನಲ್ಲ. ಆದರೆ ಜೀಪಿನ ಸದ್ದಾದರೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಅವನ ಕೈ ನಿಲ್ಲುತ್ತಿತ್ತು. ಫೋನು ಬಂದರೆ ಬಂಡೆಯ ಆಚೆ ಹೋಗಿ ಮಾತಾಡುತ್ತಿದ್ದ. ಎದುರಿಗೇ ಮಾತಾಡಿದ್ದರೂ ಆ ಭಾಷೆ ನನಗೇನು ತಿಳಿಯುತ್ತಿತ್ತು? ಆದರೂ ಆಚೆ ಯಾಕೆ ಹೋಗಬೇಕು?

"ಪೊಟ್ಟಣದಲ್ಲಿ ಏನೈತೆ ಅಂತ ಕೇಳ್ಬಾರ್ದಾ?" ಎಂದಳು ದಾಸಮ್ಮ.

"ಕೇಳುದ್ರೆ ನಿಜ ಹೇಳ್ತಾನಾ?"

"ಪೋಲೀಸ್ನೋರೇ ವಾಸಿ. ಕೇಳ್ಬುಟ್ಟು ಕೇಸ್ ಹಾಕ್ತಾರೆ. ನೀವು ಕೇಳ್ದೆನೇ ಹಾಕ್ಬುಡ್ತೀರಿ."

ನಾಲ್ಕು ದಿನ ಕಳೆದು ಪೊಲೀಸರೇ ಬಂದರು. ಹೊರದೇಶದವರ ಪಟ್ಟಿ ಹಿಡಿದು ಮನೆಮನೆ ನೋಡುತ್ತಿದ್ದರಂತೆ. ಹೆಡ್ ಕಾನ್ಸ್‌ಟೇಬಲ್ ಮುತ್ತುರಾಜು, ಜೊತೆಗೊಬ್ಬ ಪೇದೆ. ಇಸ್ರಾರ್ ತೋಟದಲ್ಲಿದ್ದ.

"ನಂದೂ ಕಷ್ಟ ನೋಡಿ ಯಜಮಾನ್ರೇ," ಎಂದ ಮುತ್ತುರಾಜು. "ಇಂಥೋರ ಕಾರ್ಡ್ ನೋಡುದ್ರೆ, ಪಾಪ, ವಾಪಸ್ ಕಳುಸ್ಬ್ಯಾಡಿ ಅಂತದೆ. ನಾಳೆ ಏನಾರ ಎಡವಟ್ಟಾದ್ರೆ ಸಾಹೇಬ್ರು ನನ್ ಕತ್ತು ಹಿಡೀತಾರೆ. ಎಲ್ಲಾ ನೋಡ್ಬೇಕು. ಇದ್ರೊಳಗೇನು?"

"ಹುಳುಮನೆ ಸಾ. ಒಳೀಕೆ ಬರಂಗಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಹೊರಗಿನ ಕಾಲು ಸೋಕುದ್ರೆ ಬೆಳೆ ಹೋಯ್ತದೆ."

"ಅವ್ನ ಕಾಲು ಸೋಕ್ಬೋದು, ನಮ್ ಕಾಲು ಸೋಕಂಗಿಲ್ವಾ? ಏನ್ ಮಡಗಿದ್ದೀಯಜ್ಜ ಒಳಗೆ?"

ಪೇದೆ ಬೂಟುಗಾಲಿನಲ್ಲೇ ಮುಂದೆ ಬಂದ. ನಾನು ಬಾಗಿಲಿಗೆ ಅಡ್ಡ ನಿಂತೆ. ನಿಂತಷ್ಟೂ ಅವರ ಮುಖ ಬಿಗಿಯಾಯಿತು. ಹುಳ ಉಳಿಯಬೇಕು, ಅವರ ಅನುಮಾನ ತೀರಬೇಕು. ನನ್ನದೂ ತೀರಬೇಕಿತ್ತು, ಸುಳ್ಳೇಕೆ.

"ತಡೀರಿ, ಅವ್ನು ಒಳಗೆ ಮಡಗಿರೋದು ಒಂದೇ ಪೊಟ್ಟಣ, ನಾನೇ ತತ್ತೀನಿ" ಎಂದು ಒಳಗೆ ಹೋದೆ. ತೊಲೆಯಿಂದ ಪೊಟ್ಟಣ ಬಿಚ್ಚಿ ತಂದು ಮುತ್ತುರಾಜುವಿನ ಕೈಗಿಟ್ಟೆ.

ಸೊಪ್ಪಿನ ಹೊರೆ ಹೊತ್ತು ಬಂದ ಇಸ್ರಾರ್ ಅದನ್ನು ಕಂಡು ಅಲ್ಲೇ ನಿಂತ. "ಅಜ್ಜ" ಎಂದ.

ಮುತ್ತುರಾಜು ದಾರ ಕಿತ್ತು ನೋಡಿದರೆ ಪೊಟ್ಟಣದಲ್ಲಿ ಎರಡು ಕಾರ್ಡುಗಳಿದ್ದವು. ಒಂದು ಇಸ್ರಾರನದು. ಇನ್ನೊಂದರಲ್ಲೂ ಅವನದೇ ಮುಖ ಇದ್ದಂತಿತ್ತು, ಹೆಸರು ಮಾತ್ರ ಅತೀಕ್.

"ಯಾವ್ದಲಾ ನಿನ್ ಹೆಸ್ರು?"

"ಅತೀಕ್ ನನ್ನ ಅಣ್ಣ ಸಾರ್. ಹೈದರಾಬಾದಲ್ಲಿ ಬಿಲ್ಡಿಂಗ್ ಮೇಲಿಂದ ಬಿದ್ದು ಸತ್ತೋದ. ಅವನ್ದು ಫೋಟೋ ಇದೊಂದೇ."

"ಮತ್ಯಾಕೆ ಬಚ್ಚಿಟ್ಟಿದ್ದೆ?"

"ನಂದು ಕಳೀಬಾರ್ದು ಅಂತ. ಅವನ್ದು, ಎರಡು ಕಾರ್ಡ್ ಕಂಡ್ರೆ ಹಿಂಗೇ ಕೇಳ್ತೀರಿ ಅಂತ."

ಮುತ್ತುರಾಜು ಕಾರ್ಡನ್ನು ನನಗೂ ತೋರಿಸಿದ. ಕಣ್ಣು, ಮೂಗು ಇಸ್ರಾರನದೇ. ಕಿವಿ ಸ್ವಲ್ಪ ಅಗಲ ಅನ್ನಿಸಿತು. ನನ್ನದು ಪೊರೆ ಬಂದ ಕಣ್ಣು.

"ಇವ್ನು ಗೊತ್ತಿರೋನು, ಒಳ್ಳೇವ್ನು ಅಂತ ಬರ್ಕೊಡ್ತೀಯಾ? ಇಲ್ಲಾಂದ್ರೆ ಈಗ್ಲೇ ಜೀಪ್ ಹತ್ತುಸ್ತೀನಿ. ಆಮ್ಯಾಕೆ ಎಲ್ಲಿಗೆ ಕಳಿಸ್ತಾರೋ ನನ್ ಕೈಲಿಲ್ಲ."

ಇಸ್ರಾರ್ ಹೊರೆ ಹೊತ್ತುಕೊಂಡೇ ನನ್ನ ಕಡೆ ತಿರುಗಿದ.

"ಒಳ್ಳೇವ್ನೋ ಕೆಟ್ಟೋನೋ ನಂಗೊತ್ತಿಲ್ಲ ಸಾ. ಕಂಡಿದ್ದು ಹೇಳ್ತೀನಿ, ಬರ್ಕೊಳಿ. ಒಂಬತ್ ತಿಂಗ್ಳಿಂದ ಒಂದಿನಾನೂ ಬ್ಯಾರೆ ಕಡೆ ಮಲಗಿಲ್ಲ. ಹೊತ್ತೊತ್ತಿಗೆ ಹುಳಕ್ಕೆ ಸೊಪ್ಪಾಕವ್ನೆ. ಯಾರ ತಂಟೆಗೂ ಹೋಗಿಲ್ಲ. ಫೋನಲ್ಲಿ ಏನ್ ಮಾತಾಡ್ತಾನೋ ತಿಳೀದು. ಅದೂ ಬರ್ಕೊಳಿ."

"ಇದು ಜಾಮೀನೋ ಚಾಡಿಯೋ ಅಜ್ಜ?"

"ಕಂಡಿದ್ದು ಸಾ."

ಮುತ್ತುರಾಜು ನಕ್ಕು ಬರೆದುಕೊಂಡ. ನಾನು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದೆ. ಇಸ್ರಾರನ ಕಾರ್ಡನ್ನು ಹಿಂದಕ್ಕೆ ಕೊಟ್ಟು, ಅತೀಕನದನ್ನು ವಿಚಾರಣೆಗೆಂದು ಇಟ್ಟುಕೊಂಡರು. ಸೋಮವಾರ ಸೋಮವಾರ ನಾವಿಬ್ಬರೂ ಸ್ಟೇಷನ್ನಿಗೆ ಬರಬೇಕೆಂದು ಹೇಳಿ ಹೋದರು.

ಇಸ್ರಾರ್ ಹೊರೆ ಇಳಿಸಿದ. "ಅಣ್ಣನ ಫೋಟೋ ವಾಪಸ್ ಕೊಡ್ತಾರಾ?"

"ತಿಳೀದಪ್ಪ."

"ನೀವು ಕೇಳಿದ್ರೆ ನಾನೇ ತೋರಿಸ್ತಿದ್ದೆ ಅಜ್ಜ."

ತೋರಿಸುತ್ತಿದ್ದನೋ ಏನೋ. ಇನ್ನು ಅದು ತಿಳಿಯುವಂತಿರಲಿಲ್ಲ.

ಸೋಮವಾರ ರಾಮನಗರದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಇಳಿದು ಓಡಿಹೋದಾನೆಂದು ನಾನು ಬಾಗಿಲ ಕಡೆಗೆ ಕೂತಿದ್ದೆ. ಸ್ಟೇಷನ್ನಿನಲ್ಲಿ ಇನ್ನೇನು ಹೇಳಿಬಿಡುವೆನೋ ಎಂದು ಅವನು ನನ್ನ ಬಾಯನ್ನೇ ನೋಡುತ್ತಿದ್ದ.