ಬಿಟ್ಟುಹೋದ ಚುಕ್ಕಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನ ನಾಲಿಗೆಗೆ ಉಪ್ಪು ಖಾರ ತಿಳಿಯದೆ ಹೋಗಲಿ.

1983ರಲ್ಲಿ ಜಯನಗರ ನಾಲ್ಕನೇ ಟಿ ಬ್ಲಾಕಿನ ಒಂದು ಔಟ್‌ಹೌಸಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಗುರುಶಾಂತಪ್ಪ ಒಬ್ಬನೇ ಇದ್ದ. ಎಷ್ಟು ಒಬ್ಬನೇ ಎಂದರೆ, ಬುಧವಾರ ‘ಕಾರ್ಡು’ ಎನ್ನಬೇಕಾದರೆ ಮಂಗಳವಾರದಿಂದಲೇ ಗಂಟಲು ಸರಿಮಾಡಿಕೊಳ್ಳಬೇಕಿತ್ತು. ಕ್ಲಾಸಿನಲ್ಲಿ ಪಾಠ ಮಾಡುವುದು ಮಾತಿನ ಲೆಕ್ಕಕ್ಕಿಲ್ಲ. ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಪ್ರತಿ ಬುಧವಾರ ಊರಿನ ಆ ತುದಿಯ ಕಂಪ್ಯೂಟರ್ ಕೇಂದ್ರಕ್ಕೆ ಬೂಟಿನ ಡಬ್ಬದಷ್ಟು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ, ಲೆಕ್ಕವನ್ನು ಕಂಪ್ಯೂಟರಿಗೆ ಓದಿಸುವ ತೂತಿನ ಕಾರ್ಡುಗಳನ್ನು ಒಯ್ಯುತ್ತಿದ್ದ. ಅವನಿಗೆ ಬೇಕಿದ್ದದ್ದು ಇಷ್ಟೇ. ಒಂದು ಅಣುವಿನ ಒಂದು ತುದಿ ಕೊಂಚ ಪ್ಲಸ್, ಇನ್ನೊಂದು ಕೊಂಚ ಮೈನಸ್. ಆ ಎಳೆತಕ್ಕೆ ಡೈಪೋಲ್ ಎಂದು ಹೆಸರು. ಅಣು ಒಂಟಿಯಾಗಿದ್ದಾಗ ಅದೆಷ್ಟು, ನೀರಿನೊಳಗಿದ್ದಾಗ ಎಷ್ಟು? ನೀರಿನಲ್ಲಿ ಹೆಚ್ಚಬೇಕು. ಆದರೆ ಏಳು ತಿಂಗಳಿಂದ ಎರಡಕ್ಕೂ 3.92 ಎಂದೇ ಉತ್ತರ. ಪ್ರಿಂಟೌಟನ್ನು ಬಿಚ್ಚಿದರೆ ಅವನ ಬಾಗಿಲಿನಿಂದ ಸಾರಕ್ಕಿ ಕೆರೆಯವರೆಗೆ ಹೋಗುತ್ತಿತ್ತು. ಒಂದು ಎಮ್ಮೆ ಆರನೇ ದಶಾಂಶದ ಮೇಲೆ ನಿಂತು ಸಗಣಿಯನ್ನೂ ಹಾಕಿತು. ಈ ಅಣುವಿಗೆ ಯಾರೂ ಬೇಡ ಎಂದುಕೊಂಡ ಗುರುಶಾಂತಪ್ಪನಿಗೆ ಅದರ ಮೇಲೆ ಗೌರವವೇ ಹುಟ್ಟಿತು.

ಕೇಂದ್ರದಲ್ಲಿ ಅವನು ಬರೆದುಕೊಟ್ಟ ಶೀಟು ನೋಡಿ ಆ ಕಾರ್ಡುಗಳನ್ನು ಪಂಚ್ ಮಾಡಿಕೊಡುತ್ತಿದ್ದ ನೀಲಗಂಗಮ್ಮ ಅವನದೇ ವಯಸ್ಸಿನಾಕೆ, ಅವನಂತೆಯೇ ಮದುವೆಯಾಗದವಳು. ಒಂದು ಬುಧವಾರ ಆಕೆ ಕಾರ್ಡೊಂದನ್ನು ಬೆಳಕಿಗೆ ಹಿಡಿದಳು.

“ಸಾರ್, ಎಲ್ಲದಕ್ಕೂ ಚುಕ್ಕಿ ಇದೆ, ಇದೊಂದಕ್ಕಿಲ್ಲ. ನಿಮ್ ಶೀಟಲ್ಲೇ ಮೂವತ್ತಾರು ಅಂತಿದೆ. ತ್ರೀ ಪಾಯಿಂಟ್ ಸಿಕ್ಸ್ ಅಲ್ವಾ?”

ಅಣುವಿನಿಂದ ಎಷ್ಟು ದೂರಕ್ಕೆ ನೀರು ಶುರು ಎಂದು ಹೇಳುವ ಕಾರ್ಡು ಅದು. ಏಳು ತಿಂಗಳೂ ನೀರು ಹತ್ತು ಪಟ್ಟು ಆಚೆಗೇ ನಿಂತಿತ್ತು.

“ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ?”

“ನೀವ್ ಯಾವತ್ ಮಾತಾಡ್ಸಿದ್ರಿ ಸಾರ್? ಡಬ್ಬ ಕೊಡ್ತೀರಾ, ಹೋಗ್ತೀರಾ.”

ಮುಂದಿನ ವಾರ ನೀರಿನಲ್ಲಿ 5.41 ಬಂತು. ಅದೇ ದಿನ ನೋಟಿಸ್ ಬೋರ್ಡಿನಲ್ಲಿ ಇನ್ನೊಂದು ಸುದ್ದಿ: ಸೋಮವಾರದಿಂದ ನೀಲಗಂಗಮ್ಮನಿಗೆ ಧಾರವಾಡಕ್ಕೆ ವರ್ಗ.

ಸಂಜೆ ಗುರುಶಾಂತಪ್ಪ ಜಯನಗರ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತ. ಆಕೆ ಪದ್ಮನಾಭನಗರದ ಬಸ್ಸಿಗೆ ಅಲ್ಲೇ ಬದಲಿಸಬೇಕು. ಅವನು ಹೇಳಬೇಕಿದ್ದದ್ದು ಮೂರೇ ಮಾತು: ಕಾಫಿ ಕುಡಿಯೋಣ ಬನ್ನಿ. ಮೂರು ಮಾತಿಗೆ ಒಂದು ಪೀಠಿಕೆ ಬೇಡವೇ?

“ಐದು ಪಾಯಿಂಟ್ ನಾಲ್ಕೊಂದು ಬಂತು ಮೇಡಂ!”

“ಸಂತೋಷ ಸಾರ್. ಅದನ್ ಹೇಳಕ್ಕೇ ನಿಂತಿದೀರಾ?”

“ಅದೂ... ಇರಿ, ಮೊದ್ಲು ಇದು.”

ಅವನು ಪ್ರಿಂಟೌಟ್ ಬಿಚ್ಚಿದ. ನೀಲಗಂಗಮ್ಮ ಒಂದು ಬಸ್ಸು ಬಿಟ್ಟಳು. ಎರಡನೆಯದನ್ನೂ ಬಿಟ್ಟಳು. ಎದುರಿನ ಹೋಟೆಲಿನಲ್ಲಿ ಒಂದು ಮೇಜು ಖಾಲಿಯಾಗಿ, ಮತ್ತೆ ತುಂಬಿತು. ಮೂರನೇ ಬಸ್ಸು ಬಂದಾಗ ಆಕೆ “ಬರ್ತೀನಿ ಸಾರ್” ಎಂದು ಹೊರಟದ್ದು, ಅಂಕಿಯ ಸಾಲಿನ ಮೇಲೆ ಬೆರಳಿಟ್ಟಿದ್ದ ಅವನಿಗೆ ಕೇಳಿಸಲಿಲ್ಲ.

“ಇದು ನೀರನ್ನ ತನ್ ಕಡೆ ತಿರುಗಿಸುತ್ತೆ, ತಿರುಗಿದ್ ನೀರು ಇದನ್ನ ಎಳೆಯುತ್ತೆ, ಅಂದ್ರೆ ಹತ್ರ ಯಾರಾದ್ರೂ ಇದ್ರೆ ಮೇಡಂ, ನಾನ್ ಕೇಳಕ್ ಬಂದಿದ್ದು”