ಐನ್ ಖಾಲಿದ್‌ಗೆ ಮತ್ತೊಮ್ಮೆ

ಪೊಲೀಸ್ ಠಾಣೆಯಿಂದ ಫೋನ್ ಬಂದರೆ ಯಾರೋ ಸತ್ತಿದ್ದಾರೆಂದೇ ಪಾಸ್ಟರ್ ಡೇವಿಡ್ ಅವರಿಗೆ ಅರ್ಥ. ವಾರವಿಡೀ ಆಫೀಸು, ರಜೆಯ ಶುಕ್ರವಾರ ಪ್ರಾರ್ಥನೆ, ನಡುವೆ ಇದು. ಆರು ವರ್ಷದ ಹಿಂದೆ ಅರಬ್ ಪೊಲೀಸರಿಗೆ ಭಾಷಾಂತರ ಮಾಡಿಕೊಡಲೆಂದು ಹೋದವರನ್ನು ಠಾಣೆಯವರು ಮತ್ತೆ ಬಿಟ್ಟಿರಲಿಲ್ಲ. ಊರ ಕಡೆಯವರ ಮನೆಗೆ ಸಾವಿನ ಸುದ್ದಿ ಒಯ್ಯುವಾಗಲೆಲ್ಲ ಅವರು ಜೊತೆಗಿರಬೇಕು. ಇನ್ನು ಆಗುವುದಿಲ್ಲ ಎನ್ನಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದರು.

ಅಂದು ಮಧ್ಯಾಹ್ನ ಕರೆದೊಯ್ದವನು ನಾಸರ್ ಎಂಬ ಎಳೆಯ ಅರಬ್ ಅಧಿಕಾರಿ. ಬೆಳಿಗ್ಗೆ ಮೆಸಯೀದ್ ರಸ್ತೆಯ ಅಪಘಾತದಲ್ಲಿ ಕೆನೆತ್ ಎಂಬ ಟೆಕ್ನಿಷಿಯನ್ ತೀರಿಕೊಂಡಿದ್ದ. ಪಾಸ್ಟರರ ಪ್ರಾರ್ಥನಾ ಸಭೆಯವನೇ. ಹೆಂಡತಿ ಕ್ಯಾರೊಲ್ ಐನ್ ಖಾಲಿದ್‌ನ ಮನೆಯಲ್ಲಿದ್ದಳು.

ಬಾಗಿಲು ತೆರೆದವಳು ಸಮವಸ್ತ್ರ ನೋಡಿದಳು, ಪಾಸ್ಟರರ ಮುಖ ನೋಡಿದಳು. ಕೈಯೆಲ್ಲ ಮೀನಿನ ಹುರುಪೆ.

"ಹೇಳ್ಬೇಡಿ ಪಾಸ್ಟರೇ. ಸ್ವಲ್ಪ ಹೊತ್ತು ಹೇಳ್ಬೇಡಿ."

ಅಲ್ಲೇ ಕುಸಿದು ಕುಳಿತಳು. ಅವರೂ ಚಪ್ಪಲಿ ಕಳಚಿ ನೆಲದಲ್ಲಿ ಪಕ್ಕಕ್ಕೆ ಕುಳಿತರು. ಕೊನೆಗೆ ಹೇಳಲೇಬೇಕಾಯಿತು. ಅತ್ತು ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: "ಕಡೆಗೆ ಅವರ ಹತ್ರ ಯಾರಾದ್ರೂ ಇದ್ರಾ? ಒಬ್ರೇ ಇದ್ರಾ?"

"ಗೊತ್ತಿಲ್ಲಮ್ಮ."

ನೆರೆಮನೆಯ ಜೂಲಿಯೆಟ್ ಬಂದ ಮೇಲೆ ಪಾಸ್ಟರ್, ನಾಸರ್ ಇಬ್ಬರೂ ಹೊರಟರು.

ದಾರಿಯಲ್ಲಿ ನಾಸರ್ ಕಾರು ಬದಿಗೆ ನಿಲ್ಲಿಸಿ, ಹರಕು ಹಿಂದಿಯಲ್ಲಿ ಕೇಳಿದ: "ಪಾಸ್ಟರ್, 'ನೀರ್' ಅಂದ್ರೆ ಯಾರು? ಅವನ ಮಗಳಾ?"

"ಯಾಕೆ?"

"ಅಲ್ಲಿಗೆ ಮೊದಲು ಮುಟ್ಟಿದ್ದು ನಾನು. ನನ್ನ ಕೈ ಹಿಡಿದು ಅದನ್ನೇ ಹೇಳ್ತಿದ್ದ. ಬರ್ತಾಳೆ, ಬರ್ತಾಳೆ ಅಂದೆ."

ಪಾಸ್ಟರ್ ಕಣ್ಣು ಮುಚ್ಚಿದರು. 'ಹೌದು, ಮಗಳು' ಎಂದುಬಿಟ್ಟರೆ ಮನೆಗೆ ಹೋಗಿ ಮಲಗಬಹುದು. ಆದರೆ ಇವನು ನಾಳೆ ಊರ ಕಡೆಯ ಇನ್ನೊಬ್ಬನನ್ನು ಕೇಳಿಯಾನು.

"ನೀರ್ ಅಂದ್ರೆ ಪಾನಿ, ನಾಸರ್."

ನಾಸರ್ ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. "ಬಾಟಲಿ ನನ್ನ ಗಾಡಿಯಲ್ಲೇ ಇತ್ತು."

ಸಮಾಧಾನದ ಮಾತುಗಳೆಲ್ಲ ಆರು ವರ್ಷದಲ್ಲಿ ಸವೆದುಹೋಗಿದ್ದವು. ಪಾಸ್ಟರ್ ಅವನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಕೇಳಿದರು, "ಅವನ ಕೈ ಬಿಟ್ರಾ?"

"ಇಲ್ಲ. ಕೊನೆವರೆಗೂ ಬಿಡ್ಲಿಲ್ಲ."

"ಕ್ಯಾರೊಲ್ ಕೇಳಿದ್ದು ಅದನ್ನೇ. ಗಾಡಿ ತಿರುಗಿಸಿ."

"ನೀರಿನ ವಿಷಯ?"

"ಅದನ್ನೂ ಹೇಳುವ. ನಾನಿರ್ತೇನೆ."

ಮನೆಗೆ ಫೋನ್ ಮಾಡಿ, ಊಟಕ್ಕೆ ಕಾಯಬೇಡ ಎಂದರು ಪಾಸ್ಟರ್.

ನಾಸರ್ ತಡವರಿಸುತ್ತ ಹೇಳಿದ್ದನ್ನೆಲ್ಲ ಅವರು ಕನ್ನಡಕ್ಕೆ ತಂದರು. ನೀರಿನ ಮಾತಿಗೆ ಕ್ಯಾರೊಲ್ ಬಿಕ್ಕಿದಳು. ಆಮೇಲೆ ಕೇಳಿದಳು:

"ಅವರು ಹಿಡಿದದ್ದು ಯಾವ ಕೈ?"

ನಾಸರ್ ಬಲಗೈ ಚಾಚಿದ.